ಅಂಗಡಿ ಮುಚ್ಚದೆ ದುರಸ್ತಿ



ಪಾರಂಪರಿಕ ಕಟ್ಟಡಗಳ ಬಗ್ಗೆ ಮೈಸೂರಿನಲ್ಲಿ ಮಾತಾಡಲು ನಿಂತವರು ಸಾಮಾನ್ಯವಾಗಿ ಅರಮನೆಯಿಂದ ಶುರುಮಾಡುತ್ತಾರೆ. ನಾನು ಆರಿಸಿಕೊಂಡಿರುವುದು ಅರಮನೆಗೆ ಕೂಗಳತೆಯ ದೂರದಲ್ಲಿರುವ, ವಯಸ್ಸಿನಲ್ಲಿ ಅದಕ್ಕಿಂತ ಹಿರಿಯವಾದ ಎರಡು ಕಟ್ಟಡಗಳನ್ನು. ಇಂದಿನ ಅಂಬಾವಿಲಾಸ ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ದೇವರಾಜ ಮಾರುಕಟ್ಟೆ ರೂಪುಗೊಂಡದ್ದು 1880ರ ದಶಕದಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಲ್ಯಾನ್ಸ್‌ಡೌನ್ ಕಟ್ಟಡ ಎದ್ದದ್ದು 1892ರಲ್ಲಿ, ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ಈ ಎರಡೂ ಕಟ್ಟಡಗಳಲ್ಲಿ ವ್ಯಾಪಾರ ನಡೆಯುತ್ತಿತ್ತು. ಅರಮನೆ ಮತ್ತೆ ಎದ್ದಿತು, ಅದನ್ನು ನೋಡಿಕೊಳ್ಳಲು ಒಂದು ಮಂಡಳಿ ಇದೆ, ಟಿಕೆಟ್ಟಿನ ಆದಾಯ ಇದೆ, ದೀಪ ಇದೆ. ಇವೆರಡು ಅದೇ ನಗರದಲ್ಲಿ, ಅದೇ ಮಳೆಯಲ್ಲಿ ಕುಸಿದವು. ಯಾಕೆ ಹೀಗಾಯಿತು ಎಂದು ಕೇಳುವುದು, ಇನ್ನೂ ಏನು ಮಾಡಬಹುದು ಎಂದು ಹೇಳುವುದು, ಇಷ್ಟೇ ನನ್ನ ಉದ್ದೇಶ.

ಊರು ಬಲ್ಲವರಿಗೆ ಜಾಗದ ಪರಿಚಯ ಬೇಕಿಲ್ಲ. ಆದರೂ ಮುದ್ರಣದಲ್ಲಿ ಓದುವ ಹೊರಗಿನವರಿಗಾಗಿ ಎರಡು ಮಾತು. ದೇವರಾಜ ಮಾರುಕಟ್ಟೆ ಇರುವುದು ಹಿಂದೆ ವಾರದ ಸಂತೆ ಸೇರುತ್ತಿದ್ದ ಜಾಗದಲ್ಲಿ. ಕೆ.ಆರ್. ವೃತ್ತದಿಂದ ಸಯ್ಯಾಜಿರಾವ್ ರಸ್ತೆಗೆ ತಿರುಗಿದರೆ ಎಡಕ್ಕೆ ಉದ್ದಕ್ಕೆ ಮಳಿಗೆಗಳ ಸಾಲು. ಒಂದು ತುದಿಯಲ್ಲಿ ಧನ್ವಂತ್ರಿ ರಸ್ತೆ, ಇನ್ನೊಂದು ತುದಿಯಲ್ಲಿ ಚಿಕ್ಕ ಗಡಿಯಾರ. ಹೊರಗಿನ ಸಾಲಿನಲ್ಲಿ ಬಟ್ಟೆ, ಪಾತ್ರೆ, ಚಿನ್ನ, ಮೈಸೂರು ಪಾಕಿಗೆ ಹೆಸರಾದ ಗುರು ಸ್ವೀಟ್ ಮಾರ್ಟ್. ಒಳಗೆ ಕಾಲಿಟ್ಟರೆ ಬಾಳೆಗೊನೆ ತೂಗುಹಾಕಿದ ಓಣಿ, ಕುಂಕುಮ ಗುಡ್ಡೆ ಹಾಕಿದ ಅಂಗಡಿ, ಬೆಲ್ಲದ ಅಚ್ಚು, ಮೊಳ ಲೆಕ್ಕದ ಮಲ್ಲಿಗೆ, ಕಟ್ಟು ಕಟ್ಟು ಚಿಗುರು ವೀಳ್ಯದೆಲೆ. ಎಂಟುನೂರಕ್ಕೂ ಹೆಚ್ಚು ಮಳಿಗೆಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇದು ಇನ್ನಷ್ಟು ವಿಸ್ತಾರವಾಯಿತು. ಲ್ಯಾನ್ಸ್‌ಡೌನ್ ಕಟ್ಟಡ ಅಲ್ಲಿಂದ ಜಗನ್ಮೋಹನ ಅರಮನೆಯ ಕಡೆಗೆ ಹೋಗುವ ದಾರಿಯಲ್ಲಿದೆ. ಕೆಳಗೆ ಮಳಿಗೆ, ಮೇಲೆ ಕೋಣೆ, ಮುಂದೆ ಕಮಾನಿನ ಸಾಲು. ಮೈಸೂರಿನಲ್ಲಿ ಓದಿದ ಎಷ್ಟೋ ತಲೆಮಾರುಗಳ ವಿದ್ಯಾರ್ಥಿಗಳು ಸೆಕೆಂಡ್‌ಹ್ಯಾಂಡ್ ಪುಸ್ತಕ ಕೊಂಡದ್ದು, ಪರೀಕ್ಷೆ ಮುಗಿದ ಮೇಲೆ ಅದನ್ನೇ ಮಾರಿದ್ದು ಅಲ್ಲೇ.

2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿತ್ತು. ನಾಲ್ಕು ಜನ ಸತ್ತರು. ಸಂರಕ್ಷಣೆಯ ಪರವಾಗಿ ಮಾತಾಡುವ ನಾವು ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಇದನ್ನು. ಈ ಸಾವುಗಳನ್ನು ಪಕ್ಕಕ್ಕಿಟ್ಟು ಕಮಾನಿನ ಚೆಲುವನ್ನು ವರ್ಣಿಸುವ ಹಕ್ಕು ನಮಗಿಲ್ಲ. ಕಟ್ಟಡ ಕೆಡವಿ ಎನ್ನುವವರ ಮಾತಿನ ಹಿಂದೆ ಒಂದು ಭಯ ಇದೆ, ಆ ಭಯ ನಿಜವಾದದ್ದು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ಅದೂ ದುರಸ್ತಿ ಕಾಮಗಾರಿ ನಡೆಯುತ್ತಿದ್ದಾಗ. ಉಳಿಸಲು ಹೊರಟ ಕೆಲಸದ ನಡುವೆಯೇ ಬಿದ್ದದ್ದರಿಂದ ಜನರ ನಂಬಿಕೆ ಕಟ್ಟಡಕ್ಕಿಂತ ಹೆಚ್ಚಾಗಿ ಕುಸಿಯಿತು. ಆಮೇಲೆ ಸಮಿತಿಗಳು ಬಂದವು. ಒಂದು ವರದಿ ಉಳಿಸಬಹುದೆಂದಿತು, ಇನ್ನೊಂದು ಕೆಡವಿ ಅದೇ ರೂಪದಲ್ಲಿ ಕಟ್ಟಬೇಕೆಂದಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಆ ಅಷ್ಟೂ ವರ್ಷ ಮಳೆ ಮಾತ್ರ ಯಾರಿಗೂ ಕಾಯದೆ ಬಂದುಹೋಗುತ್ತಿತ್ತು.

ಎರಡೂ ಸಲ ಆಗಸ್ಟ್ ಎಂಬುದನ್ನು ಗಮನಿಸಿ. ಹಳೆಯ ಗೋಡೆ ಮೊದಲ ಮಳೆಗೆ ಬೀಳುವುದು ಕಡಿಮೆ. ಜೂನ್, ಜುಲೈ ತುಂಬಾ ನೀರು ಕುಡಿದು, ಭಾರವಾಗಿ, ಒಳಗಿನ ಗಾರೆ ಮೆತ್ತಗಾಗಿ, ಆಗಸ್ಟ್ ಹೊತ್ತಿಗೆ ಅದರ ತಾಳ್ಮೆ ಮುಗಿಯುತ್ತದೆ. ಕಟ್ಟಡ ಬಿದ್ದ ದಿನ ಪತ್ರಿಕೆಗಳು ಅದರ ವಯಸ್ಸನ್ನು ಬರೆಯುತ್ತವೆ, ನೂರಿಪ್ಪತ್ತು ವರ್ಷ, ನೂರಮೂವತ್ತು ವರ್ಷ ಎಂದು. ಇಟ್ಟಿಗೆ ಮತ್ತು ಗಾರೆಯ ಗೋಡೆಗೆ ನೂರಮೂವತ್ತು ದೊಡ್ಡ ವಯಸ್ಸೇನಲ್ಲ. ಅದನ್ನು ಕೊಂದದ್ದು ನೀರು. ನೀರು ಒಳಗೆ ಬರಲು ಬಿಟ್ಟವರು ನಾವು.

ಇದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಕಟ್ಟಡ ನಿರ್ಮಾಣ ಕಲಿಸುವುದೇ ನನ್ನ ವೃತ್ತಿಯಾಗಿತ್ತು, ಈ ಭಾಗದಲ್ಲಿ ಮಾತು ಉದ್ದವಾದರೆ ಕ್ಷಮಿಸಿ.

ಆ ಕಾಲದಲ್ಲಿ ನಮ್ಮ ಕಡೆ ಕಟ್ಟುತ್ತಿದ್ದ ದಪ್ಪ ಗೋಡೆಗಳು ಸುಟ್ಟ ಇಟ್ಟಿಗೆಯವು, ನಡುವೆ ಸುಣ್ಣದ ಗಾರೆ. ಸುಣ್ಣವನ್ನು ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ಕೊಳೆಹಾಕಿ, ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ, ಕಲ್ಲಿನ ಗಾಣದಲ್ಲಿ ಎತ್ತು ಕಟ್ಟಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುತ್ತಿದ್ದರು. ಆಗಿನ ಎಷ್ಟೋ ಕಟ್ಟಡಗಳ ಮೇಲೆ ಮದ್ರಾಸ್ ತಾರಸಿ. ಮರದ ಅಥವಾ ಕಬ್ಬಿಣದ ತೊಲೆ, ಅದರ ಮೇಲೆ ಅಡ್ಡ ಜಂತಿ, ಜಂತಿಯ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕೂಡಿಸುವುದು, ಆಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹಾಸಿ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುವುದು, ಕೊನೆಗೆ ಮೇಲೊಂದು ಹೆಂಚಿನ ಹಾಸು. ಇಂಥ ತಾರಸಿ ಒದ್ದೆಯಾಗುತ್ತದೆ, ಒಣಗುತ್ತದೆ. ಗೋಡೆಯೂ ಹಾಗೆಯೇ, ಹೀರಿದ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಒಣಗಲು ಅವಕಾಶ ಇರುವ ತನಕ ಅದಕ್ಕೆ ಏನೂ ಆಗುವುದಿಲ್ಲ.

ತಾರಸಿಯ ಅಂಚಿನಲ್ಲಿ ನೀರು ಹೊರಹೋಗುವ ಕಂಡಿಗಳಿರುತ್ತವೆ. ಅಂಗೈಯಗಲದ ತೂತು ಅಷ್ಟೇ. ಅದರಲ್ಲಿ ಎಲೆ ಸಿಕ್ಕಿಕೊಂಡರೆ, ಪ್ಲಾಸ್ಟಿಕ್ ಚೀಲ ಕೂತರೆ, ನೀರು ನಿಲ್ಲುತ್ತದೆ. ನಿಂತ ನೀರಿನ ಅಡಿ ಮಣ್ಣು ಸೇರುತ್ತದೆ, ಮಣ್ಣಿನಲ್ಲಿ ಹಕ್ಕಿ ತಂದ ಅರಳಿ ಬೀಜ ಮೊಳೆಯುತ್ತದೆ. ಬೇರು ಗಾರೆಯನ್ನು ಹುಡುಕಿಕೊಂಡು ಇಳಿಯುತ್ತದೆ. ಗಿಡವನ್ನು ಮೇಲಿಂದ ಕತ್ತರಿಸಿದರೆ ಬೇರು ಇನ್ನಷ್ಟು ಬಲಿಯುತ್ತದೆ. ಬೇರಿನ ದಾರಿಯಲ್ಲಿ ನೀರು ಕಬ್ಬಿಣದ ತೊಲೆ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿದ್ದ ಜಾಗದಲ್ಲಿ ಹಿಡಿಸುವುದಿಲ್ಲ, ಎರಡು ಮೂರು ಪಟ್ಟು ಉಬ್ಬುತ್ತದೆ, ಉಬ್ಬಿ ತನ್ನ ಸುತ್ತಲಿನ ಇಟ್ಟಿಗೆಯನ್ನೇ ಸೀಳುತ್ತದೆ. ಹೊರಗೆ ಬಿರುಕು ಕಾಣುವ ಹೊತ್ತಿಗೆ ಒಳಗಿನ ಕೆಲಸ ಬಹುಪಾಲು ಮುಗಿದಿರುತ್ತದೆ.

ಬಿರುಕು ಕಂಡಾಗ ನಾವು ಮಾಡುವುದೇನು? ಸಿಮೆಂಟ್ ಮೆತ್ತುತ್ತೇವೆ. ಈ ನಗರದ ಒಂದು ಹಳೆಯ ಮಳಿಗೆಯಲ್ಲಿ ಇಂಥ ಒಂದು ತೇಪೆಯನ್ನು ಬಿಚ್ಚಿಸಿ ನೋಡಿದ್ದೇನೆ. ಹೊರಗಿನಿಂದ ನೋಡಿದರೆ ಇಡೀ ಗೋಡೆಯಲ್ಲಿ ಅದೊಂದೇ ಗಟ್ಟಿಮುಟ್ಟಾದ ಭಾಗ. ಮರದ ಸುತ್ತಿಗೆಯಿಂದ ತಟ್ಟಿದಾಗ ಡೊಳ್ಳು ಸದ್ದು ಬಂತು. ಮೇಸ್ತ್ರಿ ಉಳಿ ಇಟ್ಟು ಒಂದು ಮೂಲೆ ಎಬ್ಬಿಸಿದ. ಅಂಗೈಯಷ್ಟು ದಪ್ಪದ ಸಿಮೆಂಟ್ ಹಲಗೆ ಇಡಿಯಾಗಿ ಕಳಚಿ ಬಂತು, ಅದರ ಬೆನ್ನಿಗೆ ಇಟ್ಟಿಗೆಯ ಕೆಂಪು ಪುಡಿ ಮೆತ್ತಿಕೊಂಡಿತ್ತು, ಬಿಳಿ ಉಪ್ಪು ಹರಳುಗಟ್ಟಿತ್ತು. ಹಿಂದಿನ ಇಟ್ಟಿಗೆ ಬೆರಳು ತಾಗಿಸಿದರೆ ಉದುರುತ್ತಿತ್ತು. ಎರಡೇ ಅಡಿ ಆಚೆ, ಯಾರೂ ದುರಸ್ತಿ ಮಾಡದೆ ಬಿಟ್ಟಿದ್ದ ಜಾಗದಲ್ಲಿ, ಹಳೆಯ ಸುಣ್ಣದ ಗಿಲಾವು ಮಾಸಿತ್ತು, ಅಲ್ಲಲ್ಲಿ ಉದುರಿತ್ತು, ಆದರೆ ಇಟ್ಟಿಗೆ ಉಳಿ ತಾಗಿದರೆ ಟಣ್ ಎನ್ನುತ್ತಿತ್ತು. ಬೆವರುವ ಮೈಗೆ ರಬ್ಬರಿನ ಅಂಗಿ ತೊಡಿಸಿದಂತೆ ಈ ಸಿಮೆಂಟ್. ತೇವ ಹೊರಬರಲಾರದೆ ಒಳಗೇ ಉಳಿದು, ಉಪ್ಪು ಹರಳಾಗಿ ಇಟ್ಟಿಗೆಯನ್ನು ಒಳಗಿನಿಂದ ಒಡೆಯುತ್ತದೆ. ದುರಸ್ತಿಯೇ ಗೋಡೆಯನ್ನು ತಿನ್ನುವುದೆಂದರೆ ಇದೇ. ಮೈಸೂರಿನ ಎಷ್ಟು ಹಳೆಯ ಗೋಡೆಗಳ ಮೇಲೆ ಈ ಅಂಗಿ ಇದೆ ಎಂದು ಒಂದು ಸುತ್ತು ನಡೆದು ನೋಡಿ.

ಇಷ್ಟು ತಾಂತ್ರಿಕ ವಿಷಯವಾಯಿತು. ಇದನ್ನೆಲ್ಲ ಬಲ್ಲವರು ನಮ್ಮಲ್ಲಿ ಇಲ್ಲದಿಲ್ಲ. ಹಾಗಿದ್ದರೂ ಕಂಡಿಯಲ್ಲಿ ಸಿಕ್ಕಿಕೊಂಡ ಎಲೆಯನ್ನು ಯಾಕೆ ಯಾರೂ ತೆಗೆಯಲಿಲ್ಲ? ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಬೇರು ಈ ಪ್ರಶ್ನೆಯಲ್ಲಿದೆ.

ಒಬ್ಬ ವೀಳ್ಯದೆಲೆ ವ್ಯಾಪಾರಿಯನ್ನು ಕೇಳಿದೆ. ಎಲೆ ಬಾಡದಿರಲೆಂದು ಒದ್ದೆ ಗೋಣಿಗೆ ನೀರು ಚಿಮುಕಿಸುತ್ತಿದ್ದರು. ತಲೆಯ ಮೇಲೆ ಛಾವಣಿಯಲ್ಲಿ ಕಪ್ಪು ಕಲೆ ಹರಡಿತ್ತು. “ಯಜಮಾನ್ರೇ, ಇದು ಸೋರಲ್ವಾ?” ಎಂದೆ. “ಸೋರ್ತದೆ ಸಾರ್, ಬಕೆಟ್ ಇಡ್ತೀನಿ. ಮೇಲೆ ಹತ್ತಿ ಕಸ ತೆಗೆಯೋದು ಅರ್ಧ ಗಂಟೆ ಕೆಲಸ, ನಮ್ ಹುಡುಗ್ನೇ ತೆಗೀತಾನೆ. ಆದ್ರೆ ನಾಳೆ ಒಂದು ಇಟ್ಟಿಗೆ ಬಿದ್ರೆ ‘ನೀನೇ ಹತ್ತಿ ಕೆಡಿಸ್ದೆ’ ಅಂತಾರೆ. ಸುಮ್ನೆ ಯಾಕೆ?” ಎಂದರು.

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಸಾರ್ವಜನಿಕ ಮಾರುಕಟ್ಟೆಯಲ್ಲಿ ಕಟ್ಟಡ ನಗರಾಡಳಿತದ್ದು, ವ್ಯಾಪಾರ ಬಾಡಿಗೆದಾರರದ್ದು, ಛಾವಣಿ ಯಾರದ್ದೂ ಅಲ್ಲ. ಬಾಡಿಗೆ ಎಂದೋ ನಿಗದಿಯಾದದ್ದು. ಅದನ್ನು ಏರಿಸಲು ಹೊರಟರೆ ಮುಷ್ಕರ, ಏರಿಸದಿದ್ದರೆ ನಿರ್ವಹಣೆಗೆ ದುಡ್ಡಿಲ್ಲ. ಬಾಡಿಗೆ ಕಡಿಮೆ ಇದ್ದಲ್ಲೆಲ್ಲ ಒಳಬಾಡಿಗೆ ಹುಟ್ಟಿಕೊಳ್ಳುತ್ತದೆ. ದಾಖಲೆಯಲ್ಲಿ ಹೆಸರಿರುವವರು ಒಬ್ಬರು, ತಕ್ಕಡಿ ಹಿಡಿದವರು ಇನ್ನೊಬ್ಬರು. ದುರಸ್ತಿಗೆ ಸಹಿ ಹಾಕಬೇಕಾದವರು ಅಂಗಡಿಯಲ್ಲಿಲ್ಲ, ಅಂಗಡಿಯಲ್ಲಿ ಬಕೆಟ್ ಇಡುವವರಿಗೆ ಸಹಿಯ ಅಧಿಕಾರವಿಲ್ಲ. ಮುಂಬಯಿಯ ವಾಟ್ಸನ್ ಹೋಟೆಲ್ ಕಟ್ಟಡದ ಕಥೆಯೂ ಇದೇ ಜಾತಿಯದು. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳನ್ನು ಹಡಗಿನಲ್ಲಿ ತಂದು ಜೋಡಿಸಿದ ಕಟ್ಟಡ ಅದು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳು ಈ ದೇಶದಲ್ಲಿ ಮೊದಲ ಬಾರಿಗೆ ತೋರಿಸಲ್ಪಟ್ಟದ್ದು ಅಲ್ಲಿ. ಹೋಟೆಲ್ ಮುಚ್ಚಿ, ಕೋಣೆಗಳು ಹರಿದು ಹಂಚಿ ವಕೀಲರ ಕಚೇರಿಗಳಾಗಿ, ಅಂಗಡಿಗಳಾಗಿ, ಬಾಡಿಗೆ ನಿಯಂತ್ರಣ ಕಾಯ್ದೆಯ ನೆರಳಿನಲ್ಲಿ ಬಾಡಿಗೆ ಅಲುಗಾಡದೆ ನಿಂತು, ಮಾಲೀಕ ಮತ್ತು ಬಾಡಿಗೆದಾರರ ನಡುವೆ ಕಟ್ಟಡ ಅನಾಥವಾಯಿತು. 2005ರಲ್ಲಿ ಒಂದು ಭಾಗ ಬಿತ್ತು. ಇಟ್ಟಿಗೆಯೋ ಕಬ್ಬಿಣವೋ, ಹೊಣೆ ಹೊರುವವರಿಲ್ಲದ ಛಾವಣಿ ಎಲ್ಲಿದ್ದರೂ ಇಳಿಯುತ್ತದೆ.

ವ್ಯಾಪಾರಿಗಳ ಮೇಲೂ ಒಂದು ಆರೋಪ ಇದೆ. ಮಳಿಗೆಯೊಳಗೆ ಅಟ್ಟ ಹಾಕಿದರು, ಕಮಾನಿಗೆ ರಂಧ್ರ ಕೊರೆದು ರೋಲಿಂಗ್ ಷಟರ್ ಕೂರಿಸಿದರು, ನಡುಗೋಡೆ ತೆಗೆದು ಎರಡು ಅಂಗಡಿ ಒಂದು ಮಾಡಿದರು, ಒಂದೇ ತಂತಿಗೆ ಹತ್ತು ದೀಪ ಎಳೆದರು ಎಂದು. ಇಂಥದ್ದು ನಡೆದಲ್ಲೆಲ್ಲ ಗೋಡೆಗೆ ಪೆಟ್ಟಾಗಿದೆ, ಸಂದೇಹವಿಲ್ಲ. ಆದರೆ ಎಂಟಡಿ ಅಗಲದ ಮಳಿಗೆಯಲ್ಲಿ ಮೂರು ತಲೆಮಾರು ಬದುಕಬೇಕಾದವನು ಎಲ್ಲಿಗೆ ಬೆಳೆಯಬೇಕು? ಮೇಲಕ್ಕೆ ಅಟ್ಟ ಹಾಕದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಅರಮನೆ ಬಹುಪಾಲು ಬಳಕೆಯಿಂದ ನಿವೃತ್ತವಾದ ಕಟ್ಟಡ, ಮಾರುಕಟ್ಟೆ ಇನ್ನೂ ದುಡಿಯುತ್ತಿರುವ ಕಟ್ಟಡ. ದುಡಿಯುವ ಕಟ್ಟಡದಲ್ಲಿ ಬದಲಾವಣೆ ಆಗಿಯೇ ಆಗುತ್ತದೆ. ಯಾವುದನ್ನು ಮಾಡಬಹುದು, ಯಾವುದನ್ನು ಮಾಡಬಾರದು ಎಂದು ಹೇಳಿಕೊಡುವ ಒಬ್ಬ ಎಂಜಿನಿಯರ್ ಅವನ ಕೈಗೆಟುಕುವಂತಿರಬೇಕು. ನೋಟಿಸ್ ತಂದುಕೊಡುವ ನೌಕರ ಸಾಲದು.

ಈಗ ಕೆಡವಿ ಕಟ್ಟುವ ವಾದಕ್ಕೆ ಬರುತ್ತೇನೆ. ಅದರ ಪರವಾಗಿರುವವರೆಲ್ಲ ಗುತ್ತಿಗೆದಾರರ ಏಜೆಂಟರಲ್ಲ. ಹಾಗೆ ಹೇಳುವುದು ಅನ್ಯಾಯ. ಗೋಡೆಗಳು ಬಲ ಕಳೆದುಕೊಂಡಿವೆ, ದಿನಕ್ಕೆ ಸಾವಿರಾರು ಜನ ಓಡಾಡುವ ಜಾಗ, ಇನ್ನೊಂದು ಆಗಸ್ಟ್‌ಗೆ ಕಾಯಬೇಕೆ ಎಂದು ಅವರು ಕೇಳುತ್ತಾರೆ. ಹೊರನೋಟ ಅದೇ ಇರುವಂತೆ, ಕೆಳಗೆ ವಾಹನ ನಿಲುಗಡೆಯೂ ಇರುವಂತೆ ಕಾಂಕ್ರೀಟಿನಲ್ಲಿ ಕಟ್ಟಬಹುದಲ್ಲ ಎನ್ನುತ್ತಾರೆ. ನನ್ನ ಉತ್ತರ ಎರಡು ಮಾತಿನದು. ಉಳಿಸಲಾಗದ ಭಾಗ ಇದ್ದೇ ಇರುತ್ತದೆ. ಬಿದ್ದ ದ್ವಾರವನ್ನು, ಪುಡಿಯಾದ ಗೋಡೆಯನ್ನು ಬಿಚ್ಚಿ ಅದೇ ಇಟ್ಟಿಗೆ ಮತ್ತು ಗಾರೆಯಲ್ಲಿ ಮತ್ತೆ ಕಟ್ಟುವುದು ಸಂರಕ್ಷಣೆಯ ಒಳಗೇ ಬರುವ ಕೆಲಸ. ಅದಕ್ಕೆ ಸಂರಕ್ಷಣೆಯ ಪರ ಇರುವವರು ಅಂಜಬಾರದು, ಯಾವ ಭಾಗ ಎಂದು ಪ್ರಾಮಾಣಿಕವಾಗಿ ಗುರುತು ಹಾಕಿ ಕೊಡಬೇಕು. ಆದರೆ ಕೆಲವು ಭಾಗ ಕೆಟ್ಟಿದೆ ಎಂಬ ಕಾರಣಕ್ಕೆ ಇಡೀ ಮಾರುಕಟ್ಟೆಯನ್ನು ನೆಲಸಮ ಮಾಡುವುದು ಬೇರೆಯೇ ಮಾತು. ಇಷ್ಟುದ್ದದ ಕಟ್ಟಡದಲ್ಲಿ ಒಂದೊಂದು ತುಂಡಿನ ಸ್ಥಿತಿಯೂ ಬೇರೆ. ಒಂದೇ ತೀರ್ಪನ್ನು ಎಲ್ಲಕ್ಕೂ ಹೊರಡಿಸಿದರೆ ಗಟ್ಟಿ ಗೋಡೆಗೂ ಸಾವು.

ಹಳೆಯ ಕಟ್ಟಡ ಹೋದ ಮೇಲೆ ವ್ಯಾಪಾರಿಗಳಿಗೆ ಏನಾಗುತ್ತದೆ ಎಂಬುದಕ್ಕೆ ಮದ್ರಾಸಿನ ಮೂರ್ ಮಾರ್ಕೆಟ್ ಕಣ್ಣ ಮುಂದಿದೆ. 1900ರ ಹೊತ್ತಿಗೆ ಸೆಂಟ್ರಲ್ ರೈಲು ನಿಲ್ದಾಣದ ಪಕ್ಕದಲ್ಲಿ ಎದ್ದ ಕೆಂಪು ಕಟ್ಟಡ. ಹಳೆಯ ಪುಸ್ತಕಕ್ಕೆ ದಕ್ಷಿಣ ಭಾರತದಲ್ಲೇ ಅದು ದೊಡ್ಡ ಹೆಸರು. 1985ರ ಮೇ ತಿಂಗಳಲ್ಲಿ ಬೆಂಕಿಗೆ ಹೋಯಿತು. ಆ ಜಾಗದಲ್ಲಿ ರೈಲ್ವೆಯ ಉಪನಗರ ನಿಲ್ದಾಣದ ಕಟ್ಟಡ ಬಂತು. ಪುಸ್ತಕದ ವ್ಯಾಪಾರಿಗಳಿಗೆ ಹತ್ತಿರದಲ್ಲೇ ಬೇರೆ ಜಾಗ ಕೊಟ್ಟರು. ಅಂಗಡಿಗಳು ಉಳಿದವು, ಹಳೆಯ ಜನಸಂದಣಿ ಅಲ್ಲಿಗೆ ಹೋಗಲಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಪುಸ್ತಕದಂಗಡಿಗಳಿಗೂ ಚದುರಿಹೋಗುವ ಗತಿ ಬಂದದ್ದನ್ನು ಈ ಸಭೆಯಲ್ಲಿರುವ ಅನೇಕರು ಕಂಡಿದ್ದೀರಿ. ಗಿರಾಕಿಯ ಕಾಲಿಗೆ ಅಭ್ಯಾಸವಾದ ದಾರಿ ತಪ್ಪಿದರೆ ಮತ್ತೆ ಕೂಡಿಸುವುದು ಕಷ್ಟ. ಕಮಾನಿನ ನಕಲು ಮಾಡಬಹುದು. ಹೂವು ಕೊಂಡವರು ಪಕ್ಕದಲ್ಲೇ ಎಲೆ, ಎಲೆ ಕೊಂಡವರು ಮುಂದಿನ ಓಣಿಯಲ್ಲಿ ಬಾಳೆಹಣ್ಣು ಕೊಳ್ಳುವ ನಡಿಗೆಗೆ ನೂರು ವರ್ಷ ಹಿಡಿದಿದೆ.

ಉಳಿಸಿ ಗೆದ್ದ ಉದಾಹರಣೆ ಬೇಕೆಂದರೆ ಹೈದರಾಬಾದಿಗೆ ಹೋಗಿ. ಮೊಅಜ್ಜಂ ಜಾಹಿ ಮಾರುಕಟ್ಟೆ ಕಟ್ಟಿದ್ದು 1935ರಲ್ಲಿ, ಕೊನೆಯ ನಿಜಾಮರ ಆಳ್ವಿಕೆಯಲ್ಲಿ. ನಡುವೆ ಗಡಿಯಾರದ ಗೋಪುರ, ಎರಡು ಕಡೆ ರೆಕ್ಕೆಯಂತೆ ಚಾಚಿದ ಮಳಿಗೆಗಳು. ನಮ್ಮದೇ ಕಾಯಿಲೆ: ಸೋರುವ ತಾರಸಿ, ಗಿಡದ ಬೇರು, ಮುಂದಕ್ಕೆ ಚಾಚಿಕೊಂಡ ಶೆಡ್ಡುಗಳು, ತಂತಿಗಳ ಜಾಲ. ಸರ್ಕಾರ ಕೈಹಾಕಿ, ಛಾವಣಿಯಿಂದ ಶುರುಮಾಡಿ, ಹೊರಗಿನಿಂದ ಅಂಟಿಕೊಂಡದ್ದನ್ನೆಲ್ಲ ಬಿಡಿಸಿ, 2020ರ ಆಗಸ್ಟ್ 15ರಂದು ಮತ್ತೆ ತೆರೆಯಿತು. ಹಳೆಯ ಐಸ್‌ಕ್ರೀಮ್ ಅಂಗಡಿಗಳು ಅಲ್ಲೇ ಇವೆ, ಸಂಜೆ ಜನ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅದು ಗ್ರಾನೈಟ್ ಕಟ್ಟಡ, ನಮ್ಮದು ಇಟ್ಟಿಗೆ. ಮಳಿಗೆಗಳ ಸಂಖ್ಯೆಯೂ ನಮ್ಮದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಅಲ್ಲಿ ಆದದ್ದು ಇಲ್ಲಿ ಅಷ್ಟೇ ಸಲೀಸಾಗಿ ಆಗುತ್ತದೆ ಎನ್ನಲಾರೆ. ನನಗೆ ಮುಖ್ಯವಾಗಿ ಕಂಡದ್ದು, ಒಂದು ಹಿರಿಯ ಅಧಿಕಾರದ ಸ್ಥಾನ ಆ ಕಟ್ಟಡದ ಬೆನ್ನು ಬಿಡದೆ ಕೆಲಸ ಮುಗಿಸಿತು ಎಂಬುದು.

ಇಂಥ ಕೆಲಸಕ್ಕೆ ನಮ್ಮಲ್ಲಿ ಮೊದಲ ಅಡ್ಡಿ ಟೆಂಡರ್. ಪಾರದರ್ಶಕತೆಗಾಗಿ 1999ರಲ್ಲಿ ಬಂದ ನಮ್ಮ ರಾಜ್ಯದ ಸಾರ್ವಜನಿಕ ಸಂಗ್ರಹಣೆ ಕಾಯ್ದೆ ಒಳ್ಳೆಯದೇ. ಆದರೆ ಅದರ ಕೆಳಗೆ ಕೆಲಸ ಮಾಡುವ ಅಂದಾಜುಪಟ್ಟಿ ಹೊಸ ಕಟ್ಟಡಕ್ಕೆ ಹೊಂದುವಂಥದ್ದು. ಇಷ್ಟು ಘನ ಮೀಟರ್ ಇಟ್ಟಿಗೆ, ಇಷ್ಟು ಚದರ ಮೀಟರ್ ಗಿಲಾವು ಎಂದು ಮೊದಲೇ ಬರೆಯಬೇಕು. ಹಳೆಯ ಗೋಡೆಯ ಒಳಗೆ ಏನಿದೆ ಎಂದು ಬಿಚ್ಚುವ ತನಕ ಯಾರೂ ಹೇಳಲಾರರು. ಬಿಚ್ಚಿದ ಮೇಲೆ ಕೆಲಸ ಎರಡರಷ್ಟಾದರೆ ಹೆಚ್ಚುವರಿ ಮೊತ್ತಕ್ಕೆ ಮಂಜೂರಾತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಆ ತಿಂಗಳುಗಳಲ್ಲಿ ಬಿಚ್ಚಿದ ಗೋಡೆ ಆಸರೆಯಿಲ್ಲದೆ ನಿಂತಿರುತ್ತದೆ. ಹಳೆಯ ಕಟ್ಟಡಕ್ಕೆ ಇದಕ್ಕಿಂತ ಅಪಾಯದ ಸ್ಥಿತಿ ಇಲ್ಲ. ಕಡಿಮೆ ದರ ಕೂಗಿದವನಿಗೇ ಕೆಲಸ ಎಂದರೆ ಗಾರೆ ಬಲ್ಲವನಿಗೆ ಅದು ಸಿಗುವುದೂ ಕಷ್ಟ. ಸುಣ್ಣ ಕೊಳೆಹಾಕಲು ಬೇಕಾದ ವಾರಗಳಿಗೆ ಅಂದಾಜುಪಟ್ಟಿಯಲ್ಲಿ ಕಾಲಂ ಇಲ್ಲ. ಮೊದಲು ಒಂದು ಸಣ್ಣ ಟೆಂಡರ್‌ನಲ್ಲಿ ಬರೀ ಪರೀಕ್ಷೆ, ಅಳತೆ, ಆಸರೆ ಕೊಡುವ ಕೆಲಸ ಮುಗಿಸಿ, ಆಮೇಲೆ ಅಳೆದಷ್ಟಕ್ಕೆ ಹಣ ಕೊಡುವ ಕರಾರಿನಲ್ಲಿ ದುರಸ್ತಿಗೆ ಇಳಿಯಬೇಕು.

ಗಾರೆ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ, ಇಲ್ಲವಾಗಿಲ್ಲ. ದೇವಸ್ಥಾನದ ಗೋಪುರದ ಕೆಲಸ, ಅರಮನೆಯ ಕೆಲಸ ಮಾಡಿದವರು ಇದ್ದಾರೆ. ಅವರ ಜತೆ ನಾಲ್ಕು ಹುಡುಗರನ್ನು ನಿಲ್ಲಿಸಲು ಒಂದು ದೊಡ್ಡ ಕಾಮಗಾರಿ ಬೇಕು. ದೇವರಾಜ ಮಾರುಕಟ್ಟೆಯಷ್ಟು ದೊಡ್ಡ ಪಾಠಶಾಲೆ ಅವರಿಗೆ ಬೇರೆಲ್ಲಿ ಸಿಕ್ಕೀತು?

ಬೆಂಕಿ ಮತ್ತು ಮೂಲಸೌಕರ್ಯದ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ, ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಬೆಂಗಳೂರು ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ 2012ರ ಫೆಬ್ರುವರಿಯಲ್ಲಿ ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟವು. ನಮ್ಮ ಮಾರುಕಟ್ಟೆಯಲ್ಲೂ ವಿದ್ಯುತ್ ತಂತಿ ಪೂರಾ ಹೊಸದಾಗಬೇಕು, ಓಣಿ ಓಣಿಗೂ ನೀರಿನ ಕೊಳವೆ ಬೇಕು, ಹೆಂಗಸರಿಗೆ ಶೌಚಾಲಯ ಬೇಕು, ತರಕಾರಿ ತೊಳೆದ ನೀರು ಗೋಡೆಯ ಬುಡಕ್ಕೆ ಹೋಗದಂತೆ ಮೋರಿ ಬೇಕು. ಇವನ್ನು ಹಳೆಯ ಕಟ್ಟಡದ ಮೈಗೆ ನೋವಾಗದಂತೆ ತರುವುದು ಸಾಧ್ಯ. ಪರಂಪರೆಯ ಹೆಸರಿನಲ್ಲಿ ಇವನ್ನು ತಡೆಯುವವರ ಜತೆ ನಾನಿಲ್ಲ.

ಕಟ್ಟಕಡೆಯದಾಗಿ ಎಲ್ಲರೂ ಕೇಳುವ ಪ್ರಶ್ನೆ: ಎಂಟುನೂರು ಅಂಗಡಿ ತುಂಬಿರುವಾಗ ಕೆಲಸ ಮಾಡುವುದು ಹೇಗೆ? ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿದರೆ ಮೂರ್ ಮಾರ್ಕೆಟ್ಟಿನ ಗತಿ. ಹಾಗಾಗಿ ತುಂಡು ತುಂಡಾಗಿ ಮಾಡಬೇಕು. ಒಂದು ಸಾಲಿನ ನಲವತ್ತು ಐವತ್ತು ಅಂಗಡಿಗಳನ್ನು ಕಣ್ಣಳತೆಯ ದೂರದ ತಾತ್ಕಾಲಿಕ ಶೆಡ್ಡಿಗೆ ಸ್ಥಳಾಂತರಿಸಿ, ಆ ಸಾಲು ಮುಗಿಸಿ, ಅವರನ್ನು ವಾಪಸ್ ಕೂರಿಸಿದ ಮೇಲೆಯೇ ಮುಂದಿನ ಸಾಲಿಗೆ ಕೈಹಾಕಬೇಕು. ವಾಪಸ್ ಬರುವ ಮಳಿಗೆಯ ಸಂಖ್ಯೆ, ಅಳತೆ, ತಾರೀಖು ಬರೆದ ಪತ್ರ ಎಬ್ಬಿಸುವ ಮುನ್ನವೇ ಅವರ ಕೈಯಲ್ಲಿರಬೇಕು. ವ್ಯಾಪಾರಿಗಳ ಹಟ ಎಂದು ನಾವು ಕರೆಯುವುದು ಬಹುಪಾಲು ಈ ಒಂದು ಕಾಗದ ಇಲ್ಲದ ಭಯ. ನಿಧಾನ ಎನ್ನುವಿರಾ? ಲ್ಯಾನ್ಸ್‌ಡೌನ್ ಬಿದ್ದಾಗಿನಿಂದ ಕಳೆದ ವರ್ಷಗಳನ್ನು ಎಣಿಸಿಕೊಳ್ಳಿ.

ಇಲ್ಲೊಂದು ಸೂಕ್ಷ್ಮ ಇದೆ. ಮಾರುಕಟ್ಟೆಗೆ ತನ್ನದೇ ಪಂಚಾಂಗ ಇದೆ, ಸುಣ್ಣಕ್ಕೂ ತನ್ನದೇ ಋತು. ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರೆ, ದೀಪಾವಳಿ ದಾಟುವ ತನಕ ವ್ಯಾಪಾರಿ ಅಂಗಡಿ ಬಿಟ್ಟುಕೊಡಲಾರ, ವರ್ಷದ ದುಡಿಮೆಯ ದೊಡ್ಡ ಪಾಲು ಆಗಲೇ. ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂಸವಾರಿ ಸಾಗುವ ದಿನವಂತೂ ಹಳೆಯ ಛಾವಣಿಗಳ ಮೇಲೆ ಜನ ಹತ್ತದಂತೆ ಕಾಯುವುದೇ ಒಂದು ಕೆಲಸ. ಸಂಕ್ರಾಂತಿಯಿಂದ ಯುಗಾದಿಯ ತನಕ ತಾರಸಿ ಬಿಚ್ಚಲು ಸರಿಯಾದ ಕಾಲ, ಮಳೆ ಇಲ್ಲ. ಆದರೆ ಶಿವರಾತ್ರಿ ಕಳೆದ ಮೇಲಿನ ಬಿಸಿಲಿನಲ್ಲಿ ಹೊಸ ಸುಣ್ಣ ಬೇಗ ಒಣಗಿ ಬಿರಿಯುತ್ತದೆ, ಒದ್ದೆ ಗೋಣಿ ಹೊದಿಸಿ ಕಾಯಬೇಕು. ಒಳಗೋಡೆಯ ಗಿಲಾವಿಗೆ ಆಷಾಢದ ತಂಪು ಹೇಳಿಮಾಡಿಸಿದ್ದು, ಮದುವೆಗಳಿಲ್ಲದೆ ವ್ಯಾಪಾರವೂ ಇಳಿದಿರುತ್ತದೆ. ಬೇರೆ ಊರಿಗೆ ಈ ಮಾತು ಸಾಕು. ಮೈಸೂರಿನಲ್ಲಿ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೂವು ಹೋಗಬೇಕು, ಹೂವಿನ ಸಾಲನ್ನು ಆಗ ಮುಟ್ಟುವಂತಿಲ್ಲ. ಆದ್ದರಿಂದ ಯಾವ ಸಾಲು ಯಾವ ತಿಂಗಳು ಎಂಬುದನ್ನು ಕಚೇರಿಯಲ್ಲಿ ಕೂತು ಬರೆಯಲಾಗದು. ಹೂವಿನವರು, ಬಾಳೆಹಣ್ಣಿನವರು, ಎಲೆಯವರು, ಮೇಸ್ತ್ರಿ, ಎಂಜಿನಿಯರ್ ಒಂದೇ ಮೇಜಿನ ಸುತ್ತ ಕೂರಬೇಕು.

ಅಷ್ಟೆಲ್ಲ ಆದ ಮೇಲೆ ಉಳಿಯುವುದು ಆ ಕಂಡಿಯ ಎಲೆ. ಹೊಸ ಬಾಡಿಗೆ ಕರಾರಿನಲ್ಲಿ ಮೂರು ಸಾಲು ಸೇರಿಸಬೇಕೆಂದು ನಗರಾಡಳಿತವನ್ನೂ ವ್ಯಾಪಾರಿಗಳ ಸಂಘವನ್ನೂ ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಬಾಡಿಗೆಯ ಒಂದು ನಿಶ್ಚಿತ ಪಾಲು ಇದೇ ಕಟ್ಟಡದ ನಿರ್ವಹಣೆಯ ಬೇರೆ ಖಾತೆಗೆ ಹೋಗಬೇಕು, ಸಾಮಾನ್ಯ ಖಾತೆಗೆ ಸೇರಬಾರದು. ಪ್ರತಿ ವರ್ಷ ಮೇ ತಿಂಗಳ ಕೊನೆಯೊಳಗೆ ತಾರಸಿ ಗುಡಿಸಿ, ಕಂಡಿ ಬಿಡಿಸಿ, ಗಿಡ ಬೇರುಸಹಿತ ತೆಗೆದು, ಇಬ್ಬರು ಕೂಡಿ ಸಹಿ ಹಾಕಬೇಕು, ನಗರಾಡಳಿತದ ಎಂಜಿನಿಯರ್ ಒಬ್ಬರು, ಸಂಘದ ಪ್ರತಿನಿಧಿ ಒಬ್ಬರು. ಆ ಕೆಲಸಕ್ಕೆಂದು ಮೇಲೆ ಹತ್ತಿದ ವ್ಯಾಪಾರಿಯ ಮೇಲೆ ಹಾನಿಯ ಆರೋಪ ಹೊರಿಸುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿರಬೇಕು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಕೋಟಿಗಳ ಅನುದಾನವೂ ಬೇಕಾಗಿಲ್ಲ. ಈಗ ನಿಂತಿರುವ ಗೋಡೆಗಳಿಗೆ ಇದನ್ನು ಮುಂದಿನ ಮುಂಗಾರಿಗೆ ಮೊದಲೇ ಜಾರಿಗೆ ತರಬಹುದು. ಕರಡು ಸಿದ್ಧಪಡಿಸಲು ನನ್ನ ಸಹೋದ್ಯೋಗಿಗಳೂ ನಾನೂ ಯಾವ ಸಂಭಾವನೆಯೂ ಇಲ್ಲದೆ ಕೂರಲು ಒಪ್ಪಿದ್ದೇವೆ.